ಮೆಕ್ಸಿಕೋದ ಹಳೇ ಹೋಟೆಲಲ್ಲಿ ಸಸ್ಯಾಹಾರಿಗೂ ಊಟ ಉಂಟು!

ಮಕ್ಕಳ ಜತೆ ಮೆಕ್ಸಿಕೋಗೆ ಹೊರಟಿದ್ದೀರಾ? ಅವಲಕ್ಕಿ, ಚಟ್ನಿಪುಡಿ ಡಬ್ಬ ಬ್ಯಾಗಿನಲ್ಲಿರಲಿ. ಆದರೆ ಒಂದು ಹೊತ್ತಾದರೂ ಅಲ್ಲಿನ ಸಾಂಪ್ರದಾಯಿಕ ಊಟಕ್ಕೆ ಕೂರಿ. ಏನು ಕೇಳಬೇಕು, ಏನು ಬೇಡ ಅನ್ನಬೇಕು ಅಂತ ಗೊತ್ತಿದ್ದರೆ ಸಾಕು.

ಅಮೆರಿಕದಲ್ಲಿರುವ ಮಗನೋ ಮಗಳೋ ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಮೊದಲು ನಯಾಗರ, ಆಮೇಲೆ ಗ್ರ್ಯಾಂಡ್ ಕ್ಯಾನ್ಯನ್. ಅದೂ ಮುಗಿಯಿತು ಅಂದರೆ 'ಪಕ್ಕದ ಮೆಕ್ಸಿಕೋ ನೋಡಿ ಬರೋಣ' ಅನ್ನೋ ಮಾತು ಬರುತ್ತದೆ. ಅಲ್ಲಿಗೆ ಹೋಗಿ ಊಟದ ಹೊತ್ತಾದಾಗ ಶುರುವಾಗುತ್ತದೆ ಅಮ್ಮಂದಿರ ಹಳೇ ರಾಗ. 'ನೀವೆಲ್ಲ ಹೋಗಿ ಬನ್ನಿ, ನನಗೆ ರೂಮಲ್ಲಿ ಒಂದಿಷ್ಟು ಮೊಸರನ್ನ ಸಾಕು!'

ಈ ಮಾತಿಗೆ ಮಕ್ಕಳಿಗೂ ಬೇಜಾರು, ನಿಮಗೂ ಒಳಗೊಳಗೇ ಬೇಸರ. ಹಾಗಂತ ಭಯ ಸುಳ್ಳಲ್ಲ. ಮೆಕ್ಸಿಕೋ ಮಾಂಸಾಹಾರದ ದೇಶವೇ. ಆದರೆ ಜೋಳ, ಬೀನ್ಸ್, ಕುಂಬಳ, ಮೆಣಸಿನಕಾಯಿ ಇವೇ ಅಲ್ಲಿನ ಅಡುಗೆಯ ಬೇರು. ಹಂದಿ, ಕೋಳಿ, ದನ, ಹಂದಿ ಕೊಬ್ಬು ಎಲ್ಲ ಸ್ಪೇನಿನವರು ಬಂದ ಮೇಲೆ, ಅಂದರೆ 16ನೇ ಶತಮಾನದಲ್ಲಿ ಸೇರಿದ್ದು. ಹಳೇ ಬೇರನ್ನು ಹುಡುಕಿಕೊಂಡು ಹೋದರೆ ನಮಗೂ ತಟ್ಟೆ ತುಂಬುತ್ತದೆ.

ನೂರು ವರ್ಷ ದಾಟಿದ ಹೋಟೆಲು

ಮೆಕ್ಸಿಕೋ ನಗರದ ಹಳೇಪೇಟೆಯಲ್ಲಿ ತಾಕೂಬಾ ಅನ್ನೋ ಬೀದಿ ಇದೆ. ಅಜ್ಟೆಕ್ ಜನರ ರಾಜಧಾನಿ ಸರೋವರದ ನಡುವೆ ಇದ್ದಾಗ ದಡಕ್ಕೆ ಹೋಗಲು ಕಟ್ಟಿದ್ದ ಏರಿ ಹಾದಿಯೇ ಇವತ್ತಿನ ಈ ಬೀದಿ. ಅದರ 28ನೇ ನಂಬರಿನಲ್ಲಿ 1912ರಲ್ಲಿ ಶುರುವಾದ ಹೋಟೆಲು 'ಕಫೆ ದೆ ತಾಕೂಬಾ'. ಕಟ್ಟಡ ಹೋಟೆಲಿಗಿಂತಲೂ ಎಷ್ಟೋ ಹಳೆಯದು. ಒಳಗೆ ಕಮಾನುಗಳು, ಗೋಡೆಗೆ ಬಣ್ಣದ ಹೆಂಚಿನ ಬಿಲ್ಲೆಗಳು, ದೊಡ್ಡ ದೊಡ್ಡ ತೈಲಚಿತ್ರಗಳು. ಬಿಳಿ ಬಟ್ಟೆ ತೊಟ್ಟು, ತಲೆಗೆ ದೊಡ್ಡ ಬಿಳಿ ಬೋ ಕಟ್ಟಿಕೊಂಡ ಹೆಂಗಸರು ಊಟ ಬಡಿಸುತ್ತಾರೆ.

ಹೆಸರಾಂತ ಚಿತ್ರಕಾರ ದಿಯೇಗೊ ರಿವೇರಾ ಮತ್ತು ಗ್ವಾದಲೂಪೆ ಮರೀನ್ ಮದುವೆಯ ಊಟ 1922ರಲ್ಲಿ ನಡೆದದ್ದು ಇಲ್ಲೇ. 1936ರಲ್ಲಿ ವೆರಾಕ್ರೂಸ್ ರಾಜ್ಯಕ್ಕೆ ಗವರ್ನರ್ ಆಗಿ ಆಯ್ಕೆಯಾಗಿದ್ದ ಮಾನ್ಲಿಯೊ ಫಾಬಿಯೊ ಆಲ್ತಾಮಿರಾನೊ ಅವರ ಕೊಲೆಯಾದದ್ದೂ ಇಲ್ಲೇ. ಹೀಗೆ ಸಿಹಿ-ಕಹಿ ಎರಡನ್ನೂ ಕಂಡ ಜಾಗ.

ಇದಕ್ಕಿಂತ ಹಳೆಯದು ಅದೇ ಪೇಟೆಯ 'ಓಸ್ತೆರಿಯಾ ದೆ ಸಾಂತೊ ದೊಮಿಂಗೊ'. ಅದು 1860ರದ್ದು. ಎಲ್ಲೇ ಕೂತರೂ ಮುಂದಿನ ಸಲಹೆಗಳು ಅನ್ವಯಿಸುತ್ತವೆ.

ಅಲ್ಲೂ ಒಂದು ಅರೆಯುವ ಕಲ್ಲು

ಊಟಕ್ಕೆ ಕೂತ ಕೂಡಲೇ ಬಟ್ಟೆಯಲ್ಲಿ ಸುತ್ತಿದ ಬಿಸಿ ಬಿಸಿ ತೋರ್ತಿಯಾ ಬರುತ್ತದೆ. ಇದು ಮೆಕ್ಕೆಜೋಳದ ರೊಟ್ಟಿ. ಆದರೆ ನಮ್ಮ ಹಾಗೆ ಒಣ ಹಿಟ್ಟು ಬೀಸಿ ಮಾಡಿದ್ದಲ್ಲ. ಜೋಳದ ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುತ್ತಾರೆ. ಹೌದು, ನಾವು ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅದೇ ಜಾತಿಯ ಸುಣ್ಣ! ಸುಣ್ಣದಿಂದ ಕಾಳಿನ ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟಿಕೊಳ್ಳುತ್ತದೆ, ಕ್ಯಾಲ್ಸಿಯಂ ಸೇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೋಳದಲ್ಲಿ ಅಡಗಿರುವ ನಯಾಸಿನ್ ಅನ್ನೋ ಬಿ ವಿಟಮಿನ್ ದೇಹಕ್ಕೆ ಸಿಗುತ್ತದೆ. ಈ ಗುಟ್ಟು ಕಲಿಯದೆ ಬರೀ ಜೋಳ ಒಯ್ದ ಯುರೋಪಿನಲ್ಲಿ ಬಡವರಿಗೆ ಪೆಲಾಗ್ರ ಎಂಬ ಕಾಯಿಲೆ ಹರಡಿತು. ಮೆಕ್ಸಿಕೋದ ಅಜ್ಜಿಯರು ಯಾವ ಲ್ಯಾಬೂ ಇಲ್ಲದೆ ಇದನ್ನು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದಿದ್ದರು! (ಮನೆಯಲ್ಲಿ ಮಾಡಿ ನೋಡುತ್ತೇನೆ ಅಂತ ಗೋಡೆಗೆ ಬಳಿಯುವ ಸುಣ್ಣ ಹಾಕಿಬಿಟ್ಟೀರಿ, ಜೋಕೆ.)

ಆ ಹಿಟ್ಟು ರುಬ್ಬುತ್ತಿದ್ದ ಕಲ್ಲಿನ ಹೆಸರು ಮೆತಾತೆ. ಮೂರು ಕಾಲಿನ ಇಳಿಜಾರು ಕಲ್ಲು, ಮೇಲೆ ಎರಡೂ ಕೈಯಲ್ಲಿ ಹಿಡಿದು ಉಜ್ಜುವ ಗುಂಡು. ಮಂಡಿಯೂರಿ ಕೂತು ದಿನಕ್ಕೆ ಎಷ್ಟೋ ಗಂಟೆ ಅರೆಯುವುದು ಹೆಂಗಸರ ಪಾಲಿನ ಕೆಲಸವಾಗಿತ್ತು. 20ನೇ ಶತಮಾನದಲ್ಲಿ ಊರೂರಿಗೆ ರುಬ್ಬುವ ಗಿರಣಿ ಬಂದ ಮೇಲೆಯೇ ಅವರ ಸೊಂಟಕ್ಕೆ ಬಿಡುವು ಸಿಕ್ಕಿದ್ದು. ನಮ್ಮ ಮನೆಗಳಿಗೆ ಗ್ರೈಂಡರ್ ಬಂದಾಗ ಆದ ಖುಷಿ ನೆನಪಾಗುತ್ತದೆ ಅಲ್ಲವೇ?

ಈ ದುಡಿಮೆಗೆ ಬೆಲೆ ಸಿಕ್ಕಿದ್ದು 2010ರಲ್ಲಿ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೋ ಆ ವರ್ಷ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಿಚೊವಾಕಾನ್ ರಾಜ್ಯದ ಅಡುಗೆಯ ಹೆಂಗಸರ ಗುಂಪುಗಳನ್ನು ಅದರಲ್ಲಿ ವಿಶೇಷವಾಗಿ ಹೆಸರಿಸಲಾಗಿದೆ.

ಎಲ್ಲಿ ಎಚ್ಚರ ಬೇಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ಕಣ್ಣಿಗೆ ಕಾಣುವ ಮಾಂಸವನ್ನು ಬಿಡುವುದು ಸುಲಭ, ತೊಂದರೆ ಇರುವುದು ಕಾಣದ್ದರಲ್ಲಿ.

* ಹುರಿದು ಮಸೆದ ಬೀನ್ಸಿಗೆ (ಫ್ರಿಹೋಲೆಸ್) ಅನೇಕ ಕಡೆ ಹಂದಿ ಕೊಬ್ಬು ಹಾಕುತ್ತಾರೆ. ಅದರ ಹೆಸರು ಮಾಂತೇಕಾ.
* ಕೆಂಪಗೆ ಕಾಣುವ ಅನ್ನ ನಮ್ಮ ಟೊಮೆಟೊ ಬಾತ್ ಇದ್ದ ಹಾಗೇ ಇರುತ್ತದೆ. ಆದರೆ ಬೇಯಿಸಿದ್ದು ಕೋಳಿ ಸಾರಿನಲ್ಲಿರಬಹುದು. ಸೂಪಿಗೂ ಇದೇ ಮಾತು.
* ತಮಾಲೆ ನೋಡಲು ನಮ್ಮ ಎಲೆ ಕಡುಬು. ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಹೂರಣ ಸಿಹಿಯಾಗಿದ್ದರೂ ಹಿಟ್ಟಿಗೆ ಮಾಂತೇಕಾ ಕಲಸಿರುವುದು ಸಾಮಾನ್ಯ.
* ಗೋಧಿ ತೋರ್ತಿಯಾಗೂ ಕೊಬ್ಬು ಸೇರಿರಬಹುದು. ಜೋಳದ್ದೇ ಕೇಳಿ.
* ಮೋಲೆ ಅನ್ನೋ ಗಾಢ ಬಣ್ಣದ ಗೊಜ್ಜು ಈ ಹೋಟೆಲುಗಳ ಹೆಮ್ಮೆ. ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ದ್ರಾಕ್ಷಿ, ಚಕ್ಕೆ, ಲವಂಗ, ಜತೆಗೆ ಚೂರು ಚಾಕೊಲೇಟು. ಓದಿದರೆ ಬಾಯಲ್ಲಿ ನೀರು! ಆದರೆ ತೆಳು ಮಾಡುವುದು ಸಾಮಾನ್ಯವಾಗಿ ಕೋಳಿ ಸಾರಿನಲ್ಲಿ.
* ಕರುಕರು ಹುರಿದ ಚಪುಲಿನೆಸ್ ಬಂದರೆ ಕಡಲೆಬೀಜ ಅಂದುಕೊಳ್ಳಬೇಡಿ. ಅದು ಮಿಡತೆ!

ಚೀಸ್ ಮಾಡಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದೂ ಉಂಟು. ಅದನ್ನೂ ಮುಟ್ಟದವರು ಚೀಸ್ ಬಿಡುವುದೇ ಒಳ್ಳೆಯದು. ಒಂದೇ ಕಾವಲಿಯಲ್ಲಿ ಎಲ್ಲವನ್ನೂ ಬೇಯಿಸುತ್ತಾರೆ ಎಂಬುದೂ ಗೊತ್ತಿರಲಿ. ಮಡಿ, ವ್ರತ ಇರುವ ದಿನ ಹೋಗಬೇಡಿ. ಆ ದಿನ ಹಣ್ಣೇ ಸಾಕು.

ಧೈರ್ಯವಾಗಿ ಏನು ಕೇಳಬಹುದು?

ಕುಂಬಳ ಹೂವು ತುಂಬಿದ ಕೆಸದಿಯಾ, ಅಂದರೆ ಚೀಸ್ ಸೇರಿಸಿ ಮಡಚಿದ ರೊಟ್ಟಿ. ಪಾಪಸ್‌ಕಳ್ಳಿಯ ಮುಳ್ಳು ತೆಗೆದು ಬೇಯಿಸಿದ ನೊಪಾಲೆಸ್ ಪಲ್ಯ ಬೆಂಡೆಕಾಯಿಯಂತೆ ತುಸು ಲೋಳೆ, ತುಸು ಹುಳಿ. ಖಾರ ಕಡಿಮೆ ಇರುವ ಪೊಬ್ಲಾನೊ ಮೆಣಸಿನಕಾಯಿ ಸುಟ್ಟು, ಸೀಳಿ, ಕೆನೆಯಲ್ಲಿ ಬೇಯಿಸಿದ ರಾಹಾಸ್. ಕಲ್ಲಿನಲ್ಲಿ ಅರೆದ ಬೆಣ್ಣೆಹಣ್ಣಿನ ಗ್ವಾಕಮೋಲೆ. ಇದಕ್ಕೆ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆಹುಳಿ ಹಾಕುತ್ತಾರೆ. ನಮ್ಮ ನಾಲಿಗೆಗೆ ಪರಿಚಯ ಮಾಡಿಸುವುದೇ ಬೇಡ!

ಕಫೆ ದೆ ತಾಕೂಬಾದ ಹೆಸರುವಾಸಿ ತಿನಿಸು 'ಎಂಚಿಲಾದಾಸ್ ತಾಕೂಬಾ'. ಪಾಲಕ್ ಸೇರಿದ ಹಸಿರು ಕೆನೆ ಗೊಜ್ಜು ನೋಡಿ ಸಸ್ಯಾಹಾರ ಅಂದುಕೊಳ್ಳುವವರೇ ಹೆಚ್ಚು. ಒಳಗಿರುವುದು ಕೋಳಿ! ಕೋಳಿ ಬದಲು ಚೀಸ್ ತುಂಬಿ ಕೊಡುತ್ತೀರಾ, ಗೊಜ್ಜಿಗೆ ಕೋಳಿ ಸಾರು ಹಾಕಿದ್ದೀರಾ ಅಂತ ಎರಡೂ ಕೇಳಿ. ಆಮೇಲೇ ಹೂಂ ಅನ್ನಿ.

ಕುಡಿಯಲು ಕೆಂಪಗಿನ 'ಹಮಾಯ್ಕಾ' ತರಿಸಿ. ಉತ್ತರ ಕರ್ನಾಟಕದವರು ಪಲ್ಯ ಮಾಡುವ ಪುಂಡಿ ಗಿಡ ಇದೆಯಲ್ಲ, ಅದೇ ಜಾತಿಯ ಗಿಡದ ಹೂವಿನ ಕೆಂಪು ಪುಷ್ಪಪಾತ್ರೆಯ ಶರಬತ್ತು. ಹುಣಸೆಹಣ್ಣಿನ ಪಾನಕವೂ ಉಂಟು. ಹುಣಸೆ ಸಮುದ್ರ ದಾಟಿ ಅಲ್ಲಿಗೆ ಹೋಯಿತು, ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಲ್ಲಿಂದ ನಮ್ಮಲ್ಲಿಗೆ ಬಂತು. ಬ್ಯಾಡಗಿ ಮೆಣಸಿನಕಾಯಿಯ ಮೂಲ ತವರು ಆ ಕಡೆಯೇ! ಬಣ್ಣ ಜಾಸ್ತಿ, ಖಾರ ಕಮ್ಮಿ ಇರುವ ಅಲ್ಲಿನ ಗ್ವಾಹಿಯೊ ಒಣಮೆಣಸು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಕೊನೆಗೆ ಬಿಸಿ ಚಾಕೊಲೇಟು. ಚಕ್ಕೆ ಹಾಕಿ, ಮರದ 'ಮೊಲಿನಿಯೊ'ದಿಂದ ನೊರೆ ಬರುವ ತನಕ ಕಡೆಯುತ್ತಾರೆ. ಎರಡು ಅಂಗೈ ನಡುವೆ ಹಿಡಿದು ತಿರುಗಿಸುವ ಈ ಸಾಧನ ನೋಡಿದರೆ ನಮ್ಮ ಕಡೆಗೋಲಿನ ತಂಗಿ ಅನ್ನಿಸುತ್ತದೆ. ಜತೆಗೆ ಬರುವ ಸಿಹಿ ಬ್ರೆಡ್ಡಿಗೆ ಮೊಟ್ಟೆ ಇರಬಹುದು, ಕೇಳಿಕೊಳ್ಳಿ.

ನಾಲ್ಕು ಮಾತು ಬಾಯಿಪಾಠ

'ನಾನು ವೆಜ್' ಅಂತಷ್ಟೇ ಹೇಳಿದರೆ ಸಾಲದು. ಅಲ್ಲಿ 'ಕಾರ್ನೆ' ಅಂದರೆ ಅನೇಕರಿಗೆ ದನದ ಮಾಂಸ ಮಾತ್ರ. 'ಕಾರ್ನೆ ಬೇಡ' ಅಂದರೆ ಕೋಳಿ ತಂದಿಟ್ಟಾರು! ಆದ್ದರಿಂದ ಹೀಗೆ ಹೇಳಿ:

* ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ: ನಾನು ಮಾಂಸ, ಕೋಳಿ, ಮೀನು ತಿನ್ನಲ್ಲ.
* ಸಿನ್ ಮಾಂತೇಕಾ, ಪೋರ್ ಫಾವೋರ್: ಹಂದಿ ಕೊಬ್ಬು ಬೇಡ, ದಯವಿಟ್ಟು.
* ತಿಯೆನೆ ಕಾಲ್ದೊ ದೆ ಪೋಯೊ?: ಇದರಲ್ಲಿ ಕೋಳಿ ಸಾರು ಇದೆಯಾ?
* ಸಿನ್ ವೇವೊ: ಮೊಟ್ಟೆ ಬೇಡ.
* ಪೀಕಾ?: ಖಾರ ಇದೆಯಾ?

ಬಾಯಿಗೆ ಬರಲಿಲ್ಲವೇ? ಮಗಳ ಕೈಲಿ ಮೊಬೈಲಿನಲ್ಲಿ ಸ್ಪ್ಯಾನಿಷಿನಲ್ಲೇ ಬರೆಸಿಟ್ಟುಕೊಂಡು ತೋರಿಸಿ. ಕೇಳಲು ಸಂಕೋಚ ಬೇಡ. ನಮ್ಮ ಮನೆಗೆ ಬಂದ ನೆಂಟರು 'ಈರುಳ್ಳಿ ತಿನ್ನಲ್ಲ' ಅಂದರೆ ನಾವು ಕೋಪ ಮಾಡಿಕೊಳ್ಳುತ್ತೇವಾ?

ಇವೂ ನೆನಪಿರಲಿ

* ಅಲ್ಲಿನ ದೊಡ್ಡ ಊಟ ಮಧ್ಯಾಹ್ನ 2ರಿಂದ 4ರ ಹೊತ್ತಿಗೆ. ರಾತ್ರಿ ಹಗುರ. ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಮೊದಲ ದಿನ ಹೊಟ್ಟೆಬಿರಿಯ ತಿಂದರೆ ಸುಸ್ತು, ಅಜೀರ್ಣ ಕಾಡಬಹುದು.
* ನಲ್ಲಿ ನೀರು ಬೇಡ, ಸೀಲ್ ಇರುವ ಬಾಟಲಿಯೇ ಇರಲಿ.
* ಮೇಜಿನ ಮೇಲಿನ ಸಾಲ್ಸಾ ಅಂದರೆ ಚಟ್ನಿ. 'ನಾವು ಆಂಧ್ರ ಖಾರವನ್ನೇ ತಿಂದವರು' ಅಂತ ಸುರಿದುಕೊಳ್ಳಬೇಡಿ. ಆಬನೇರೊ ಮೆಣಸಿನದ್ದಾದರೆ ಕಣ್ಣಲ್ಲಿ ನೀರು ಗ್ಯಾರಂಟಿ! ಮೊದಲು ಒಂದು ಹನಿ ನೆಕ್ಕಿ ನೋಡಿ.
* ರೊಟ್ಟಿ ಮುರಿದು ಕೈಯಲ್ಲಿ ತಿನ್ನಲು ನಾಚಿಕೆ ಬೇಡ. ತಾಕೋವನ್ನು ಅಲ್ಲಿನವರೂ ಕೈಯಲ್ಲೇ ತಿನ್ನುವುದು.
* ನೀವು ಕೇಳುವ ತನಕ ಬಿಲ್ ತರುವುದಿಲ್ಲ. ಎಬ್ಬಿಸಿದಂತೆ ಆಗಬಾರದಲ್ಲ! 'ಲಾ ಕ್ವೆಂತಾ, ಪೋರ್ ಫಾವೋರ್' ಅನ್ನಿ. ಟಿಪ್ಸ್ 10ರಿಂದ 15 ಪರ್ಸೆಂಟ್ ರೂಢಿ. ಬಿಲ್ಲಿನಲ್ಲೇ ಸೇರಿಸಿದ್ದಾರಾ ನೋಡಿ.
* ಪಕ್ಕದ ಮೇಜಿನವರು ಏಳುವಾಗ 'ಪ್ರೊವೇಚೊ' ಅನ್ನುತ್ತಾರೆ. 'ಸಾವಕಾಶ ಊಟ ಮಾಡಿ' ಎಂಬ ಹಾರೈಕೆ. ನಕ್ಕು 'ಗ್ರಾಸಿಯಾಸ್' ಅಂದರಾಯಿತು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಹೊರಡುವ ಮುಂಚೆಯೇ ಮಕ್ಕಳಿಗೆ ಹೇಳಿಬಿಡಿ, 'ನಾನೂ ಬರ್ತೀನಿ, ಆದರೆ ನನಗೆ ಇಂಥದ್ದು ಆಗಲ್ಲ, ಇಂಥದ್ದು ಆಗುತ್ತೆ' ಅಂತ. ಅವರು ಮೆನು ಮೊದಲೇ ನೋಡಿಡುತ್ತಾರೆ. ಅವರು ಮೋಲೆ ತಿನ್ನಲಿ, ನೀವು ಕುಂಬಳ ಹೂವಿನ ರೊಟ್ಟಿ ತಿನ್ನಿ. ಮೊಸರನ್ನ ರಾತ್ರಿಗಿರಲಿ!