ಹೆಸರು ಬದಲಾದ ಪ್ರಿಂಟರು

ರವಿವಾರ ಪೇಠೆಯ ಬೋಹ್ರಿ ಆಳಿಯ ಒಂದು ಹಾರ್ಡ್‌ವೇರ್ ಅಂಗಡಿಯಿಂದ ಬೆಳಗ್ಗೆ ಹತ್ತೂವರೆಗೆ ಮುನೀಮ ಕಾಕಾನ ಫೋನು: "ಪ್ರಿಂಟ್ ನಿಘತ್ ನಾಹೀ, ಲೌಕರ್ ಯಾ." ಪ್ರಿಂಟು ಬರ್ತಿಲ್ಲ, ಬೇಗ ಬಾ ಅಂತ. ಇಂಡಿ ತಾಲ್ಲೂಕಿನಿಂದ ಪುಣೆಗೆ ಬಂದಾಗಿನಿಂದ ಇದೇ ಫೋನು ಕೇಳುತ್ತಿದ್ದೇನೆ. ಬಹಳ ಸಲ ಪ್ರಿಂಟರು ನೆಟ್ಟಗಿರುತ್ತದೆ, ಹೆಸರಲ್ಲಿ ಎಡವಟ್ಟಾಗಿರುತ್ತದೆ.

ಅವರ ಬಿಲ್ಲಿಂಗ್ ಪ್ರೋಗ್ರಾಮು ಡಾಸ್ ಕಾಲದ್ದು, ಫಾಕ್ಸ್‌ಪ್ರೊದಲ್ಲಿ ಬರೆಸಿದ್ದು. 32 ಬಿಟ್‌ನ ವಿಂಡೋಸ್ 7ರಲ್ಲಿ ಹೇಗೋ ಜೀವ ಹಿಡಿದಿದೆ. ಅದಕ್ಕೆ ಗೊತ್ತಿರುವ ಹೆಸರು ಒಂದೇ: ಎಲ್‌ಪಿಟಿ1. ಹಳೇ ಕಂಪ್ಯೂಟರುಗಳ ಬೆನ್ನಿಗಿದ್ದ 25 ತೂತಿನ ಅಗಲ ಸಾಕೆಟ್ಟಿನ ಹೆಸರದು. ಈಗ ಆ ಸಾಕೆಟ್ಟೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸಿದ ಪ್ರಿಂಟರನ್ನು ವಿಂಡೋಸ್ ಯುಎಸ್‌ಬಿ001 ಎನ್ನುತ್ತದೆ, ಪ್ರೋಗ್ರಾಮು ಮಾತ್ರ ಹಳೇ ಮನೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. (ಹೊಸ ಲೇಸರ್ ಪ್ರಿಂಟರು ತಗೊಳ್ಳಿ ಎಂದರೆ ಕಾಕಾ ನಗುತ್ತಾನೆ. ಕಾರ್ಬನ್ ಇಟ್ಟ ಮೂರು ಪ್ರತಿ ಒಂದೇ ಏಟಿಗೆ ಬರಬೇಕಾದರೆ ಪಿನ್ನು ಹೊಡೆಯುವ ಡಾಟ್ ಮ್ಯಾಟ್ರಿಕ್ಸೇ ಬೇಕು.)

ಇದಕ್ಕೆ ಉಪಾಯವಿದೆ. ಪ್ರಿಂಟರನ್ನು ಶೇರ್ ಮಾಡಿ, ಎಂಟಕ್ಷರದೊಳಗಿನ, ನಡುವೆ ಜಾಗ ಬಿಡದ ಹೆಸರು ಕೊಡಬೇಕು. ನಾನು 'ಬಿಲ್' ಅಂತ ಇಟ್ಟಿದ್ದೆ. ಆಮೇಲೆ 'ನೆಟ್ ಯೂಸ್' ಕಮಾಂಡ್ ಕೊಟ್ಟರೆ ಎಲ್‌ಪಿಟಿ1ಕ್ಕೆ ಹೊರಟದ್ದೆಲ್ಲ 'ಬಿಲ್'ಗೆ ತಿರುಗುತ್ತದೆ. ಕೊನೆಗೆ 'ಪರ್ಸಿಸ್ಟೆಂಟ್ ಯೆಸ್' ಸೇರಿಸಲೇಬೇಕು, ಇಲ್ಲದಿದ್ದರೆ ಮರುದಿನ ಮತ್ತೆ ಫೋನು.

ಇದೆಲ್ಲ ಅಲ್ಲಿ ಸರಿಯಾಗಿಯೇ ಇತ್ತು. ಆದರೆ ಪ್ರಿಂಟರ್‌ಗಳ ಪಟ್ಟಿಯಲ್ಲಿ ಎರಡು ಚಿತ್ರ: ಒಂದು ಮಾಸಲು, ಇನ್ನೊಂದರ ಹೆಸರಿನ ಮುಂದೆ 'ಕಾಪಿ 1'. ಕಸ ಹೊಡೆಯುವಾಗ ಹುಡುಗ ಕೇಬಲ್ಲು ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದ್ದ. ಸೀರಿಯಲ್ ನಂಬರು ಹೇಳದ ಪ್ರಿಂಟರು ಜಾಗ ಬದಲಿಸಿದರೆ ವಿಂಡೋಸ್ ಪಾಲಿಗೆ ಅದು ಹೊಸಬ. 'ಬಿಲ್' ಎಂಬ ಹೆಸರು ಖಾಲಿ ತೂತಿಗೆ ಅಂಟಿಕೊಂಡಿತ್ತು.

"ಅರೆ, ಇದೇ ಪ್ರಿಂಟರಲ್ಲವೇ, ಗುರುತು ಸಿಗಲಿಲ್ಲವೇ?" ಎಂದ ಕಾಕಾ, ಅದರ ನೆತ್ತಿ ತಟ್ಟುತ್ತ. ನನಗೇನೂ ಆಶ್ಚರ್ಯವಾಗಲಿಲ್ಲ. ಊರಲ್ಲಿ ಇನಿಷಿಯಲ್ಲು ಮೊದಲು, ಇಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಬ್ಯಾಂಕಿನ ಕೌಂಟರಿನಲ್ಲಿ ನಾನೂ ಎಷ್ಟೋ ಸಲ 'ಕಾಪಿ 1' ಆಗಿ ನಿಂತಿದ್ದೇನೆ.

ಮಾಸಲು ಚಿತ್ರದ ಪ್ರಾಪರ್ಟೀಸ್ ತೆರೆದು, ಪೋರ್ಟ್ಸ್‌ನಲ್ಲಿ ಯುಎಸ್‌ಬಿ001ರ ಬದಲು 002ಕ್ಕೆ ಟಿಕ್ ಹಾಕಿದೆ. ಕಾಪಿಯನ್ನು ಅಳಿಸಿದೆ. ಕರಕರ ಎಂದು ಬೆಳಗಿನಿಂದ ತಡೆದಿದ್ದ ಬಿಲ್ಲುಗಳೆಲ್ಲ ಒಂದರ ಹಿಂದೊಂದು ಬಂದವು. ಕಾಕಾ ಕೇಬಲ್ಲಿನ ಮೇಲೆ ಟೇಪು ಸುತ್ತಿ, ಕೆಂಪು ಪೆನ್ನಿನಲ್ಲಿ ಬರೆದ: ಹಾತ್ ಲಾವೂ ನಯೇ. ಮುಟ್ಟಬಾರದು.