ಕೈಫೋನಿಗೆ ಕವಚ ಬೇಕೆ?

ಹೊಸ ಪಠ್ಯಪುಸ್ತಕಕ್ಕೆ ಬೈಂಡು ಹಾಕದೆ ಶಾಲೆಗೆ ಹೋದವರು ನಮ್ಮಲ್ಲಿ ವಿರಳ. ಜೂನ್ ತಿಂಗಳು ಬಂತೆಂದರೆ ಕಂದು ಕಾಗದ, ಅಂಟು, ಹೆಸರಿನ ಚೀಟಿ ಇವುಗಳ ಸಂಭ್ರಮವೇ ಸಂಭ್ರಮ. ಸರ್ಕಾರ ಧರ್ಮಕ್ಕೆ ಕೊಟ್ಟ ಪುಸ್ತಕಕ್ಕೆ ಇಷ್ಟೆಲ್ಲ ಉಪಚಾರ ಮಾಡಿದ ನಾವೇ, ಮೂವತ್ತು ಸಾವಿರ ರೂಪಾಯಿಯ ಸ್ಮಾರ್ಟ್‌ಫೋನು ಕೈಗೆ ಬಂದ ಕೂಡಲೆ ಅದಕ್ಕೆ ಹೊದಿಕೆ ಬೇಕೇ ಬೇಡವೇ ಎಂದು ವಾದಕ್ಕೆ ನಿಲ್ಲುತ್ತೇವೆ. ನಮ್ಮ ತರಗತಿಯಲ್ಲಿ ಈ ವಿಷಯವಾಗಿ ಎರಡು ಪಂಗಡಗಳೇ ಉಂಟು. ಒಂದು ಪಂಗಡದವರು ಅಂಗಡಿಯಿಂದ ಹೊರಗೆ ಕಾಲಿಡುವ ಮೊದಲೇ ಪೌಚು ಹಾಕಿಸಿ, ಮೇಲೊಂದು ಟೆಂಪರ್ ಗ್ಲಾಸನ್ನೂ ಅಂಟಿಸಿಕೊಂಡು ಬರುವವರು. ಇನ್ನೊಂದು ಪಂಗಡದವರು, ಇಷ್ಟು ಹಣ ತೆತ್ತು ಕೊಂಡ ಚೆಲುವನ್ನು ಇಪ್ಪತ್ತು ಕಾಸಿನ ರಬ್ಬರಿನಲ್ಲಿ ಮುಚ್ಚಿಡುವುದು ರೇಷ್ಮೆ ಸೀರೆ ಉಟ್ಟು ಗೋಣಿತಾಟು ಹೊದ್ದಂತೆ ಎಂದು ನಗುವವರು. ನಾನು ಬಹುಕಾಲ ಈ ಎರಡನೆಯ ಪಂಗಡದಲ್ಲಿಯೇ ಇದ್ದೆ. ನನ್ನನ್ನು ಅಲ್ಲಿಂದ ಹೊರಗೆ ದೂಡಿದ್ದು ಸ್ಕಂದಗಿರಿಯ ಒಂದು ಬಂಡೆ.

ಸ್ಕಂದಗಿರಿಯನ್ನು ನಮ್ಮ ಓದುಗರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ಚಿಕ್ಕಬಳ್ಳಾಪುರದ ಪಕ್ಕದಲ್ಲೇ ನಿಂತಿರುವ, ಹಳಬರು ಕಳವಾರದುರ್ಗವೆಂದು ಕರೆಯುವ, ಸುಮಾರು 1,450 ಮೀಟರ್ ಎತ್ತರದ ಬೆಟ್ಟ ಅದು. ಬುಡದಲ್ಲಿ ಪಾಪಾಘ್ನಿ ಮಠ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆ. ಅರಣ್ಯ ಇಲಾಖೆಯ ಅನುಮತಿಯನ್ನು ಅಂತರ್ಜಾಲದಲ್ಲಿ ಮೊದಲೇ ಪಡೆದು, ನಸುಕಿನ ಕತ್ತಲಲ್ಲಿ ಹತ್ತಿ, ಮೋಡಗಳ ಮೇಲೆ ಸೂರ್ಯ ಮೂಡುವುದನ್ನು ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ. ಊರಿನವರಾದ ನಾವು ಹೋಗುವುದು ಅಪರೂಪ. ಹೋದ ವರ್ಷ ಚಳಿಗಾಲದಲ್ಲಿ ಗೆಳೆಯರು ನಾಲ್ವರು ಸೇರಿ ಹೊರಟೆವು. ದಾರಿಯುದ್ದಕ್ಕೂ ಫೋನೇ ದೀವಟಿಗೆ. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯನ್ನು ಕಲ್ಲಿಗೆ ಊರಿ ಏರಬೇಕು. ಬೆರಳುಗಳು ಚಳಿಗೆ ಸೆಡೆತಿದ್ದವು. ಫೋನಿನ ಬೆನ್ನೋ ಗಾಜು, ಮಂಜಿಗೆ ನೆನೆದು ಮೀನಿನಂತೆ ಜಾರುತ್ತಿತ್ತು. ಶಿಖರ ಇನ್ನು ಸ್ವಲ್ಪ ದೂರವಿದೆ ಎನ್ನುವಾಗ ಅದು ಕೈಯಿಂದ ನುಸುಳಿ ಬಂಡೆಗೆ ಮೂಲೆ ಕೊಟ್ಟು ಬಿತ್ತು. ಎತ್ತಿಕೊಂಡು ನೋಡುತ್ತೇನೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಜೇಡರ ಬಲೆ. ಆ ದಿನ ಸೂರ್ಯೋದಯ ಬಹಳ ಚೆನ್ನಾಗಿತ್ತೆಂದು ಗೆಳೆಯರು ಹೇಳುತ್ತಾರೆ.

ಆ ಫೋನಿನ ಬೆಲೆ ಮೂವತ್ತೆರಡು ಸಾವಿರ. ಅದು ಎರಡು ಬೆಳೆ ರೇಷ್ಮೆಗೂಡಿನ ದುಡ್ಡು. ನಮ್ಮ ತಂದೆ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿ ಬಂದು, "ಓದೋಕೆ ಬೇಕು ಅಂತೀಯ, ತಗೋ" ಎಂದು ಕೊಟ್ಟದ್ದು. ಓದುವುದಕ್ಕೆ ಬೇಕು ಎಂಬುದು ಸುಳ್ಳೇನೂ ಆಗಿರಲಿಲ್ಲ. ಪರೀಕ್ಷೆಯ ಅರ್ಜಿ, ಅಂಕಪಟ್ಟಿ, ವಿದ್ಯಾರ್ಥಿವೇತನ, ಬ್ಯಾಂಕಿನ ವ್ಯವಹಾರ ಎಲ್ಲವೂ ಈಗ ಆ ಅಂಗೈಯಗಲದ ಗಾಜಿನ ಮೂಲಕವೇ ನಡೆಯತಕ್ಕವು. ವಿದ್ಯಾರ್ಥಿವೇತನದ ಅರ್ಜಿಗೆ ಎರಡು ದಿನ ಉಳಿದಿರುವಾಗ, ಫೋನಿಗೆ ಬಂದ ಗುಪ್ತಸಂಖ್ಯೆಯ ಆರು ಅಂಕಿಗಳಲ್ಲಿ ಮೂರು ಬಿರುಕಿನ ಅಡಿಯಲ್ಲಿ ಕಪ್ಪಾಗಿ ಹೋಗಿದ್ದರೆ ಏನು ಮಾಡಬೇಕೆಂಬುದು ಯಾವ ಪಠ್ಯದಲ್ಲೂ ಇಲ್ಲ. ರಿಪೇರಿ ಅಂಗಡಿಯವರು ಪರದೆ ಬದಲಿಸಲು ಒಂಬತ್ತು ಸಾವಿರವಾಗುತ್ತದೆ ಎಂದರು. ಅನಂತರ ಫೋನನ್ನು ತಿರುಗಿಸಿ ನೋಡಿ, "ಏನು ತಮ್ಮಾ, ಪೌಚ್ ಹಾಕಿಸಿರಲಿಲ್ವಾ?" ಎಂದು ಮೆತ್ತಗೆ ಕೇಳಿದರು. ಉತ್ತರ ಹೇಳಲು ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಈ ವಿಷಯವನ್ನು ಸ್ವಲ್ಪ ಓದಿ ತಿಳಿಯಬೇಕೆಂಬ ಬುದ್ಧಿ ಹುಟ್ಟಿತು.

ಮೊದಲು ಗಾಜಿನ ವಿಚಾರ. 2007ರಲ್ಲಿ ಬಂದ ಮೊದಲ ಐಫೋನಿನ ಮಾದರಿಗೆ ಪ್ಲಾಸ್ಟಿಕ್ ಮುಖವಿತ್ತೆಂದೂ, ಜೇಬಿನಲ್ಲಿದ್ದ ಬೀಗದ ಕೈಗಳು ಅದನ್ನು ಗೀಚಿದುದರಿಂದ ಕಡೆಯ ಗಳಿಗೆಯಲ್ಲಿ ಗಾಜಿಗೆ ಬದಲಾಯಿಸಿದರೆಂದೂ ಪ್ರಸಿದ್ಧವಾಗಿದೆ. ಆ ಗಾಜನ್ನು ಮಾಡಿಕೊಟ್ಟದ್ದು ಅಮೆರಿಕದ ಕಾರ್ನಿಂಗ್ ಕಂಪನಿ. ಅದರ ಹಿಂದಿನ ಉಪಾಯವನ್ನು ಆ ಕಂಪನಿಯವರು 1960ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಸೋಡಿಯಮ್ ಇರುವ ಗಾಜಿನ ಹಲಗೆಯನ್ನು ಸುಮಾರು 400 ಡಿಗ್ರಿ ಶಾಖದಲ್ಲಿ ಕರಗಿದ ಪೊಟ್ಯಾಸಿಯಮ್ ಲವಣದಲ್ಲಿ ಅದ್ದಿಡುತ್ತಾರೆ. ಗಾಜಿನ ಹೊರಪದರದಲ್ಲಿರುವ ಸಣ್ಣ ಸೋಡಿಯಮ್ ಅಯಾನುಗಳು ಹೊರಟುಹೋಗಿ ಆ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಮ್ ಅಯಾನುಗಳು ಬಂದು ಕೂರುತ್ತವೆ. ಚಿಂತಾಮಣಿಯ ಬಸ್ಸಿನಲ್ಲಿ ಮೂವರ ಸೀಟಿನಿಂದ ಮೂವರು ಹುಡುಗರು ಎದ್ದುಹೋಗಿ, ಅಲ್ಲಿ ಮೂವರು ಸ್ಥೂಲಕಾಯರು ಕುಳಿತರೆ ಹೇಗೋ ಹಾಗೆ. ಯಾರೂ ಅಲುಗಾಡಲಾರರು, ಒಬ್ಬರನ್ನೊಬ್ಬರು ಒತ್ತಿಕೊಂಡಿರುತ್ತಾರೆ. ಈ ಒತ್ತಡವೇ ಗಾಜಿನ ಬಲ. ಬಿರುಕೆಂದರೆ ಗಾಜು ಬಾಯಿ ಬಿಡುವುದು ತಾನೆ? ಒತ್ತಿಕೊಂಡಿರುವ ಪದರ ಆ ಬಾಯನ್ನು ತೆರೆಯಗೊಡುವುದಿಲ್ಲ.

ಆದರೆ ಈ ಪದರ ಕೂದಲೆಳೆಯಷ್ಟು ತೆಳು. ಹೊರಗೆ ಒತ್ತಡವಿದ್ದಷ್ಟಕ್ಕೆ ಪ್ರತಿಯಾಗಿ ಒಳಗಿನ ಗಾಜು ಎಳೆತದಲ್ಲಿರುತ್ತದೆ. ಮೊನಚಾದ ಯಾವುದಾದರೂ ವಸ್ತು ಪದರವನ್ನು ತೂರಿ ಒಳಗಿನ ಎಳೆತದ ಗಾಜನ್ನು ಮುಟ್ಟಿತೋ, ಆಮೇಲೆ ಬಿರುಕು ತಾನಾಗಿಯೇ ಓಡುತ್ತದೆ. ಗಾಜು ಒಡೆಯುವುದು ಅದರಲ್ಲಿರುವ ಅತಿಸೂಕ್ಷ್ಮವಾದ ಸೀಳುಗಳಿಂದ ಎಂಬುದನ್ನು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲೇ ತೋರಿಸಿಕೊಟ್ಟಿದ್ದನು. ಮೂರು ತಿಂಗಳು ಜೇಬಿನಲ್ಲಿ ಮರಳಿನ ಜೊತೆ ಉಜ್ಜಾಡಿದ ಫೋನು ಹೊಸ ಫೋನಿಗಿಂತ ಸುಲಭವಾಗಿ ಒಡೆಯುವುದಕ್ಕೆ ಇದೇ ಕಾರಣ. "ಹತ್ತು ಸಲ ಬಿದ್ದರೂ ಏನೂ ಆಗಲಿಲ್ಲ" ಎಂದು ಜಂಬ ಕೊಚ್ಚುವವರು ಹನ್ನೊಂದನೆಯ ಸಲ ಅಳುವುದೂ ಇದರಿಂದಲೇ.

ಇನ್ನು ನಮ್ಮ ಬೆಟ್ಟದ ಕಲ್ಲು. ನಂದಿಯಾಗಲಿ ಸ್ಕಂದಗಿರಿಯಾಗಲಿ ಗ್ರಾನೈಟು ಜಾತಿಯ ಬಂಡೆಗಳು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಹರಳುಗಳಿರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಗಾಜಿನದು ಅದಕ್ಕಿಂತ ಕೆಳಗೆ. ಆದುದರಿಂದ ಬಂಡೆಯ ಮೈಮೇಲಿನ ಒಂದೊಂದು ಹರಳೂ ಗಾಜಿಗೆ ಒಂದೊಂದು ಉಳಿ. ಮನೆಯ ನುಣುಪಾದ ನೆಲದ ಮೇಲೆ ಚಪ್ಪಟೆಯಾಗಿ ಬಿದ್ದ ಫೋನು ಬದುಕಿದರೆ ಆಶ್ಚರ್ಯವಿಲ್ಲ, ಬೆಟ್ಟದ ಮೇಲೆ ಮೂಲೆಗೊಟ್ಟು ಬಿದ್ದದ್ದು ಬದುಕಿದರೆ ಆಶ್ಚರ್ಯ. ಗಾಜು ಮಾಡುವವರು ಸಹ ತಮ್ಮ ಗಾಜನ್ನು ಪರೀಕ್ಷಿಸುವಾಗ ಒರಟು ನೆಲದ ಬದಲಿಗೆ ಬಡಗಿಯ ಮರಳುಕಾಗದವನ್ನು ಹಾಸಿ ಅದರ ಮೇಲೆ ಬೀಳಿಸಿ ನೋಡುತ್ತಾರೆ.

ಹೊದಿಕೆ ಇಲ್ಲಿ ಏನು ಮಾಡುತ್ತದೆ? ಸ್ವಲ್ಪ ಲೆಕ್ಕ ಹಾಕೋಣ. ಕಲಾ ವಿಭಾಗದವರು ಹೆದರಬೇಕಾಗಿಲ್ಲ, ನಾನೂ ಆ ವಿಭಾಗದವನೇ. 200 ಗ್ರಾಂ ತೂಕದ ಫೋನು ಎದೆಯ ಮಟ್ಟದಿಂದ, ಎಂದರೆ 1.2 ಮೀಟರ್ ಎತ್ತರದಿಂದ ಬೀಳುತ್ತದೆಂದಿಟ್ಟುಕೊಳ್ಳೋಣ. ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 17 ಕಿಲೋಮೀಟರ್, ಸೈಕಲ್ಲಿನ ವೇಗ. ಈ ವೇಗವೆಲ್ಲ ಎಷ್ಟು ದೂರದಲ್ಲಿ ಇಂಗಬೇಕು ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. ಬರಿಯ ಗಾಜು ಮತ್ತು ಲೋಹ ಅರ್ಧ ಮಿಲಿಮೀಟರ್ ಮಾತ್ರ ಬಾಗಿಕೊಟ್ಟರೆ, ಪೆಟ್ಟು ಸರಾಸರಿ 480 ಕಿಲೋಗ್ರಾಂ ತೂಕವನ್ನು ಹೇರಿದಷ್ಟಾಗುತ್ತದೆ. ಮೂಲೆಯಲ್ಲಿರುವ ಮೆತುವಾದ ಹೊದಿಕೆ ಕುಗ್ಗಿ ಈ ದೂರವನ್ನು 2 ಮಿಲಿಮೀಟರಿಗೆ ಏರಿಸಿದರೆ ಅದೇ ಪೆಟ್ಟು 120 ಕಿಲೋಗ್ರಾಮಿಗೆ ಇಳಿಯುತ್ತದೆ. ಒಂದೂವರೆ ಮಿಲಿಮೀಟರಿನ ರಬ್ಬರಿನಿಂದ ಪೆಟ್ಟು ಕಾಲುಭಾಗ! ಮಾವಿನಹಣ್ಣನ್ನು ಬುಟ್ಟಿಗೆ ತುಂಬುವ ನಮ್ಮ ತೋಟಗಾರರು ಹುಲ್ಲು ಹಾಸುವುದೂ ಈ ತತ್ತ್ವದ ಮೇಲೆಯೇ. ಇದಲ್ಲದೆ ಹೊದಿಕೆಯ ಅಂಚು ಗಾಜಿಗಿಂತ ತುಸು ಮೇಲಕ್ಕೆದ್ದಿದ್ದರೆ, ಬೋರಲು ಬಿದ್ದಾಗಲೂ ಗಾಜು ಚಪ್ಪಟೆ ನೆಲವನ್ನು ಮುಟ್ಟುವುದೇ ಇಲ್ಲ. ಉಬ್ಬುತಗ್ಗಿನ ಬಂಡೆಯಾದರೆ ಈ ಅಂಚಿನ ಆಟ ನಡೆಯದು, ಅದು ಬೇರೆ ಮಾತು.

ಹೊದಿಕೆಯಿಂದ ಬೇರೊಂದು ವಿಚಿತ್ರ ಉಪಕಾರವಾದ ಪ್ರಸಂಗವೂ ಉಂಟು. 2010ರಲ್ಲಿ ಬಂದ ಐಫೋನ್ 4ರ ಅಂಚಿನ ಲೋಹದ ಪಟ್ಟಿಯೇ ಅದರ ಆಂಟೆನಾ ಆಗಿತ್ತು. ಕೆಳಗಿನ ಎಡಮೂಲೆಯನ್ನು ಕೈಯಿಂದ ಒತ್ತಿ ಹಿಡಿದರೆ ಸಿಗ್ನಲ್ ಕುಸಿಯುತ್ತದೆಂದು ದೊಡ್ಡ ಗಲಾಟೆಯಾಯಿತು. ಕಡೆಗೆ ಆ ವರ್ಷದ ಜುಲೈ ತಿಂಗಳಿನಲ್ಲಿ ಕಂಪನಿಯವರು ಕೊಂಡವರಿಗೆಲ್ಲ ಅಂಚಿನ ಹೊದಿಕೆಯನ್ನು ಪುಕ್ಕಟೆಯಾಗಿ ಕೊಡುವುದಾಗಿ ಸಾರಬೇಕಾಯಿತು. ಬರಿಮೈಯ ಚೆಲುವಿಗೆ ಹೆಸರಾದ ಯಂತ್ರವನ್ನು ಮಾಡಿದವರೇ ಕೈಯಾರೆ ಮುಚ್ಚಿದಂತಾಯಿತಲ್ಲವೆ?

ಈಗ ಎದುರು ಪಕ್ಷದ ಮಾತನ್ನೂ ಕೇಳಬೇಕು. ಚೆಲುವಿನ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳ ಜೋಡಣೆಯಾಗುತ್ತದೆ. ತೈವಾನಿನ ವಿಸ್ಟ್ರಾನ್ ಕಂಪನಿ ಹೂಡಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. 2007ರವರೆಗೆ ನಮ್ಮ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಗೇ ಸೇರಿತ್ತಷ್ಟೆ. ಕೂದಲೆಳೆಯ ಸಂದು ಸಹ ಕಾಣದಂತೆ ಅಲ್ಲಿನ ಕೈಗಳು ಕೂಡಿಸಿದ ವಸ್ತುವನ್ನು ಕಾಣದಂತೆ ಮುಚ್ಚುವಾಗ ಮನಸ್ಸಿಗೆ ಏನೋ ಒಂದು ಬಗೆಯಾಗುತ್ತದೆ, ನಿಜ.

ಶಾಖದ ವಾದ ಇನ್ನೂ ಗಟ್ಟಿಯಾದುದು. ಫೋನು ತನ್ನ ಬಿಸಿಯನ್ನು ಮೈಯಿಂದಲೇ ಹೊರಗೆ ಕಳೆಯಬೇಕು, ಅದಕ್ಕೆ ಫ್ಯಾನಿಲ್ಲ. ರಬ್ಬರು ಹೊದ್ದರೆ ಬಿಸಿ ಒಳಗೇ ಉಳಿಯುತ್ತದೆ, ಲಿಥಿಯಮ್ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಮತ್ತೊಂದಿಲ್ಲ. ಚಾರ್ಜು ಮಾಡುವಾಗ ಬಿಸಿಯಾದರೆ ಹೊದಿಕೆ ತೆಗೆಯಿರೆಂದು ಆಪಲ್ ಕಂಪನಿಯೇ ಬಳಸುವವರಿಗೆ ತಿಳಿಸುತ್ತದೆ. ಗೌರಿಬಿದನೂರಿನ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಮುಂದೆ ಫೋನು ಸಿಕ್ಕಿಸಿಕೊಂಡು ದಾರಿ ನೋಡುತ್ತ ಹೋಗುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಹುಳು ಮನುಷ್ಯನಿಗಿಂತ ಜಾಣ. ರೇಷ್ಮೆಹುಳು ಒಂದು ಸಾವಿರ ಮೀಟರಿನವರೆಗೂ ಹೋಗುವ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಂಡು, ಅಂಟಿನಿಂದ ಪದರಪದರವಾಗಿ ಕೂಡಿಸಿ ಗೂಡು ಮಾಡುತ್ತದೆ. ಹಗುರ, ಗಟ್ಟಿ, ಮೇಲಾಗಿ ಗಾಳಿಯಾಡುತ್ತದೆ. ಇಂತಹ ಕವಚ ಫೋನಿಗೆ ಇನ್ನೂ ಬಂದಿಲ್ಲ. ಪಾಪ, ಶಿಡ್ಲಘಟ್ಟದಲ್ಲಿ ಕವಚಕ್ಕಿರುವ ಬೆಲೆ ಒಳಗಿನ ಜೀವಕ್ಕಿಲ್ಲ ಎಂಬುದು ಆ ಹುಳುವಿನ ದುರದೃಷ್ಟ.

ಮೂರನೆಯ ಆಕ್ಷೇಪಣೆ ನನ್ನ ವಿಷಯವಾದ ಅರ್ಥಶಾಸ್ತ್ರಕ್ಕೆ ಸೇರಿದ್ದು. ಸ್ಯಾಮ್ ಪೆಲ್ಟ್ಸ್‌ಮನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1975ರಲ್ಲಿ ಒಂದು ವಾದವನ್ನು ಮುಂದಿಟ್ಟರು: ಕಾರಿಗೆ ರಕ್ಷಣೆಯ ಸಾಧನಗಳನ್ನು ಹೆಚ್ಚಿಸಿದರೆ ಓಡಿಸುವವರ ಎಚ್ಚರ ಅಷ್ಟಕ್ಕಷ್ಟು ಕಡಿಮೆಯಾಗುತ್ತದೆ ಎಂದು. ಪೌಚು ಹಾಕಿದ ಫೋನನ್ನು ನನ್ನ ಗೆಳೆಯರು ಬೆಂಚಿನ ಮೇಲೆ ಎಸೆಯುವ ರೀತಿ ನೋಡಿದರೆ ಈ ವಾದದಲ್ಲಿ ಹುರುಳಿದೆ ಎನಿಸುತ್ತದೆ. ಆದರೂ ಲೆಕ್ಕ ಹೊದಿಕೆಯ ಕಡೆಗೇ ವಾಲುತ್ತದೆ. ಹೊದಿಕೆಗೆ 200 ರೂಪಾಯಿ, ಪರದೆಗೆ 9,000. ಹೊದಿಕೆ ಒಡೆಯುವ ಸಂಭವವನ್ನು ಅರ್ಧಕ್ಕೆ ಇಳಿಸುತ್ತದೆಂದು ಮಾತ್ರ ಹಿಡಿದರೂ, ಇಟ್ಟುಕೊಂಡಿರುವ ಕಾಲದಲ್ಲಿ ಒಡೆಯುವ ಸಂಭವ ಇಪ್ಪತ್ತರಲ್ಲಿ ಒಂದಿದ್ದರೆ ಸಾಕು, ಕೊಟ್ಟ ಹಣ ಗಿಟ್ಟುತ್ತದೆ. ದಿನಕ್ಕೆರಡು ಸಲ ಬಸ್ಸಿನಲ್ಲಿ ನೇತಾಡುವ ನಮ್ಮಂಥವರ ಸಂಭವ ಅದಕ್ಕಿಂತ ಕಡಿಮೆಯೆಂದು ಯಾರು ಹೇಳಿಯಾರು? ಒಂಬತ್ತು ಸಾವಿರವನ್ನು ಬಿಡಿಗಾಸೆಂದು ಎಣಿಸುವ ಸಿರಿವಂತರು ಬರಿಮೈಯ ಫೋನನ್ನು ಹಿಡಿದು ಮೆರೆಯಲಿ. ಅದನ್ನು ಗೂಡಿನ ಲೆಕ್ಕದಲ್ಲಿ ಎಣಿಸಬೇಕಾದವರಿಗೆ ಆ ಸುಖ ದುಬಾರಿ.

ಯಾವ ಹೊದಿಕೆ ಎಂದರೆ, ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಗಳಲ್ಲಿ ತೂಗುವ ಮೆತುವಾದ ಸಾದಾ ಪೌಚೇ ಸಾಕು. ನಾಲ್ಕು ಮೂಲೆಗಳಲ್ಲಿ ದಪ್ಪವಿದೆಯೆ, ಅಂಚು ಗಾಜಿಗಿಂತ ಮೇಲಿದೆಯೆ, ಹಿಂದಿನ ಕ್ಯಾಮೆರಾಕ್ಕಿಂತ ಹೊದಿಕೆ ಎತ್ತರವಾಗಿದೆಯೆ ಎಂದು ಬೆರಳಿನಿಂದ ಸವರಿ ನೋಡಿ. ಗಡಸು ಪ್ಲಾಸ್ಟಿಕ್ಕಿನದು ಗೀರು ತಡೆಯುತ್ತದೆಯೇ ಹೊರತು ಪೆಟ್ಟನ್ನು ಹೀರುವುದಿಲ್ಲ. ಪುಸ್ತಕದಂತೆ ಮುಚ್ಚುವ ಚರ್ಮದ ಹೊದಿಕೆಯಲ್ಲಿ ಅಯಸ್ಕಾಂತವಿದ್ದರೆ ಫೋನಿನ ದಿಕ್ಸೂಚಿಯ ದಾರಿ ತಪ್ಪಬಹುದು. ಟೆಂಪರ್ ಗ್ಲಾಸು ಮುಖ್ಯವಾಗಿ ಗೀರಿಗೆ ಮದ್ದು. ಮೂಲೆಯ ಪೆಟ್ಟಿಗೆ ಅದನ್ನೇ ನಂಬಿ ಕೂರುವಂತಿಲ್ಲ. ವಾರಕ್ಕೊಮ್ಮೆ ಪೌಚನ್ನು ಬಿಚ್ಚಿ ತೊಳೆದು ಒಣಗಿಸಬೇಕು, ಒಳಗೆ ಸೇರಿದ ಮರಳು ಫೋನಿನ ಬೆನ್ನನ್ನು ಸದ್ದಿಲ್ಲದೆ ಅರೆಯುತ್ತಿರುತ್ತದೆ. ರಾತ್ರಿ ಚಾರ್ಜಿಗೆ ಹಾಕುವಾಗ ನಾನು ಅದನ್ನು ತೆಗೆದಿಡುತ್ತೇನೆ; ಫೋನಿಗೂ ಸ್ವಲ್ಪ ಗಾಳಿ, ನನ್ನ ಕಣ್ಣಿಗೂ ಅದರ ಚೆಲುವು. ಪಾರದರ್ಶಕವಾದ ಪೌಚು ಬಿಸಿಲಿಗೆ ಆರು ತಿಂಗಳಲ್ಲಿ ಹಳದಿಯಾಗುತ್ತದೆ. ನನ್ನದು ಈಗ ಮಾಗಿದ ರೇಷ್ಮೆಹುಳುವಿನ ಬಣ್ಣಕ್ಕೆ ತಿರುಗಿದೆ, ಮುಂದಿನ ಗೂಡಿಗೆ ಹೊಸದು ತರಬೇಕು.