ಬೆಲೆಬಾಳುವ ಮದ್ದು, ವಿಮೆಯ ಕರಾರು

ಮುಂಬಯಿಯ ಗೋರೆಗಾಂವದಲ್ಲಿ ನೆಲೆಸಿದ ಒಂದು ಕನ್ನಡ ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಯಜಮಾನರು ಧಾರವಾಡದ ಕಡೆಯವರು; ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನೌಕರಿ. ಮಡದಿ ಮೂವತ್ತಮೂರರ ಪ್ರಾಯದ ಶಾಲಾ ಶಿಕ್ಷಕಿ. ಒಂದು ಬೆಳಿಗ್ಗೆ ಆಕೆಯ ಎಡಗಣ್ಣಿಗೆ ಮಂಜು ಕವಿದಂತಾಯಿತು. ಕಣ್ಣು ಹೊರಳಿಸಿದರೆ ನೋವು. ಕನ್ನಡಕ ಬದಲಿಸಿ ನೋಡಿದರು, ಫಲ ಕಾಣಲಿಲ್ಲ. ಕೆಲವು ವಾರಗಳಲ್ಲಿ ದೃಷ್ಟಿ ತಾನಾಗಿಯೇ ತಿಳಿಯಾಯಿತು, ಮನೆಯವರು ಮರೆತರು. ವರ್ಷ ಕಳೆಯುವಷ್ಟರಲ್ಲಿ ಬಲಗಾಲು ಮರಗಟ್ಟಿದಂತಾಗಿ ಲೋಕಲ್ ಗಾಡಿ ಏರುವಾಗ ಪಾದ ಎಡವತೊಡಗಿತು. ಊರಿನಿಂದ ಬಂದಿದ್ದ ಅತ್ತೆಯವರು, "ನರಕ್ಕ ನಿಶ್ಶಕ್ತಿ ಬಂದದ, ಎಣ್ಣಿ ಹಚ್ಚಿ ಎರಕೊಂಡ್ರ ಸರಿ ಹೋಗ್ತದ" ಎಂದರು. ಎಣ್ಣೆಸ್ನಾನಗಳಾದವು. ಕಾಲು ಸರಿಹೋಗಲಿಲ್ಲ. ಎಂ.ಆರ್.ಐ. ಚಿತ್ರ ತೆಗೆಸಿ, ಬೆನ್ನುಹುರಿಯ ದ್ರವವನ್ನು ಪರೀಕ್ಷಿಸಿದ ಬಳಿಕ ನರರೋಗ ತಜ್ಞರು ಹೇಳಿದ ಹೆಸರು ಮಲ್ಟಿಪಲ್ ಸ್ಕ್ಲೀರೋಸಿಸ್.

ಹೆಸರು ಹೊಸದೆನಿಸಿದರೂ ರೋಗ ಹೊಸದಲ್ಲ. ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೋ 1868ರಲ್ಲಿಯೇ ಇದನ್ನು ಪ್ರತ್ಯೇಕ ವ್ಯಾಧಿಯೆಂದು ವಿವರಿಸಿದ್ದರು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮೈಲಿನ್ ಎಂಬ ಕವಚವಿದೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ದಾರಿತಪ್ಪಿ ಈ ಕವಚವನ್ನು ಕೊರೆಯುತ್ತವೆ. ಕವಚ ಹರಿದೆಡೆ ಸಂದೇಶ ತಡೆಯುತ್ತದೆ. ಕಣ್ಣಿನ ನರದಲ್ಲಾದರೆ ಮಬ್ಬು, ಬೆನ್ನುಹುರಿಯಲ್ಲಾದರೆ ಕಾಲಿನ ಸೆಡೆತ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಅದರಲ್ಲೂ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬಹುಮಂದಿಯಲ್ಲಿ ಅದು ಬಂದು, ಇಳಿದು, ಮತ್ತೆ ಬರುತ್ತದೆ. ಪ್ರತಿಯೊಂದು ದಾಳಿಯೂ ಸ್ವಲ್ಪ ಸ್ವಲ್ಪ ಶೇಷವನ್ನು ಬಿಟ್ಟುಹೋಗಬಹುದು. ಆದ್ದರಿಂದಲೇ ಚಿಕಿತ್ಸೆಯಲ್ಲಿ ಕಾಲವಿಳಂಬ ಸಲ್ಲದು. ಹೋದ ನರತಂತುವನ್ನು ಮರಳಿ ತರುವ ಔಷಧವಿಲ್ಲ. ಮುಂದಿನ ದಾಳಿಯನ್ನು ತಡೆಯುವ ಔಷಧಗಳುಂಟು.

ಈ ತಡೆಯುವ ಔಷಧಗಳ ಇತಿಹಾಸ ತೀರ ಈಚಿನದು. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದಿಗೆ ಅನುಮತಿ ದೊರೆಯಿತು. 1996ರಲ್ಲಿ ಗ್ಲಾಟಿರಾಮರ್ ಬಂತು. 2010ರಲ್ಲಿ ಫಿಂಗೊಲಿಮೋಡ್ ಎಂಬ ಮೊದಲ ಗುಳಿಗೆ, 2017ರಲ್ಲಿ ಆಕ್ರೆಲಿಜುಮ್ಯಾಬ್ ಎಂಬ ಪ್ರತಿಕಾಯ. ಇದಲ್ಲದೆ ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವಿದೆ. ಮೂಲತಃ ಅದು ದುಗ್ಧಗ್ರಂಥಿಯ ಕ್ಯಾನ್ಸರಿಗಾಗಿ ಹುಟ್ಟಿದ್ದು. 2007ರಿಂದ ನಮ್ಮ ದೇಶದ ಕಂಪನಿಯೂ ಅದನ್ನು ತಯಾರಿಸುತ್ತಿರುವುದರಿಂದ ವಿದೇಶೀ ಔಷಧಗಳಿಗಿಂತ ಅಗ್ಗವಾಗಿದೆ. ಅಗ್ಗವೆಂದರೆ ಸಂಬಳದಾರನ ಕೈಗೆ ಎಟಕುವಷ್ಟಲ್ಲ. ಹೊಸ ಪ್ರತಿಕಾಯಗಳ ಖರ್ಚನ್ನು ವರ್ಷಕ್ಕೆ ಲಕ್ಷಗಳಲ್ಲಿಯೇ ಎಣಿಸಬೇಕು. ಅದೂ ಒಂದು ವರ್ಷದ ಮಾತಲ್ಲ.

ಗೋರೆಗಾಂವದ ತಜ್ಞರು ಈ ಶಿಕ್ಷಕಿಗೆ ರಿಟುಕ್ಸಿಮ್ಯಾಬ್ ಸೂಚಿಸಿದರು. ಯಜಮಾನರು ನಾಲ್ಕು ವರ್ಷಗಳ ಹಿಂದೆಯೇ ಸಂಸಾರದ ಹೆಸರಿನಲ್ಲಿ ಆರೋಗ್ಯ ವಿಮೆ ಇಳಿಸಿ, ಕಂತು ತಪ್ಪದೆ ಕಟ್ಟುತ್ತ ಬಂದಿದ್ದರು. ಹಾಗಾಗಿ ಮನೆಯಲ್ಲಿ ಧೈರ್ಯವಿತ್ತು. ಆ ಧೈರ್ಯ ವಿಮಾ ಸಂಸ್ಥೆಯ ಪತ್ರ ಬರುವವರೆಗೆ ಉಳಿಯಿತು. ಪತ್ರದಲ್ಲಿ ಎರಡೇ ಸಾಲು. ರೋಗಿಯು 24 ತಾಸು ಆಸ್ಪತ್ರೆಯಲ್ಲಿ ಇರಲಿಲ್ಲ. ಚಿಕಿತ್ಸೆಯು ಈ ರೋಗಕ್ಕೆ ಪ್ರಮಾಣಿತವಾದುದಲ್ಲ. ಆದುದರಿಂದ ಹಣ ಸಂದಾಯ ಸಾಧ್ಯವಿಲ್ಲ.

ಇಲ್ಲಿ ನಮ್ಮ ದೇಶದ ಆರೋಗ್ಯ ವಿಮೆ ಹುಟ್ಟಿದ ಬಗೆಯನ್ನು ನೆನೆಯುವುದು ಅಗತ್ಯ. 1986ರಲ್ಲಿ ಸರಕಾರೀ ಸಾಮಾನ್ಯ ವಿಮಾ ಕಂಪನಿಗಳು ಮೆಡಿಕ್ಲೇಮ್ ಪಾಲಿಸಿಯನ್ನು ತಂದಾಗ ಅದರ ಕಲ್ಪನೆಯ ಕೇಂದ್ರದಲ್ಲಿದ್ದುದು ಆಸ್ಪತ್ರೆಯ ಹಾಸಿಗೆ. ಹಾಸಿಗೆ ಹಿಡಿದವನಿಗೆ ಹಣ. ಔಷಧದ ಅಂಗಡಿಯಲ್ಲಿ ನಿಂತು ಕೊಂಡವನಿಗೆ ಇಲ್ಲ. ವೈದ್ಯ ವಿಜ್ಞಾನ ಮುಂದೆ ಸಾಗಿತು, ಕರಾರಿನ ಭಾಷೆ ಮಾತ್ರ ಬಹುಕಾಲ ಆ ಹಾಸಿಗೆಯನ್ನೇ ಸುತ್ತಿತು. ಇದರ ಫಲವಾಗಿ ಒಂದು ವಿಚಿತ್ರ ಸ್ಥಿತಿ ಒದಗಿದೆ. ಮನೆಯಲ್ಲಿ ತಾನೇ ಚುಚ್ಚಿಕೊಳ್ಳುವ ಇಂಟರ್‌ಫೆರಾನ್, ಊಟದ ಜತೆ ನುಂಗುವ ಗುಳಿಗೆ ಇವಕ್ಕೆ ಸಾಧಾರಣ ಪಾಲಿಸಿಯಲ್ಲಿ ಹಣ ಸಿಕ್ಕುವುದು ದುರ್ಲಭ. ಆಸ್ಪತ್ರೆಗೆ ಹೋಗಿ ರಕ್ತನಾಳದಲ್ಲಿ ಹನಿಹನಿಯಾಗಿ ಇಳಿಸಬೇಕಾದ ದುಬಾರಿ ಔಷಧಕ್ಕೇ ಸಿಕ್ಕುವ ಸಂಭವ ಹೆಚ್ಚು. ದಾಳಿಯ ಸಮಯದಲ್ಲಿ ಮೂರು-ಐದು ದಿನ ಆಸ್ಪತ್ರೆಯಲ್ಲಿದ್ದು ಪಡೆಯುವ ಮೀಥೈಲ್ ಪ್ರೆಡ್ನಿಸೊಲೋನಿನ ಖರ್ಚಿಗೆ ಸಾಮಾನ್ಯವಾಗಿ ತಕರಾರೇಳುವುದಿಲ್ಲ. ದಾಳಿ ಬಂದ ಮೇಲೆ ಕೊಡುವ ಹಣ, ಬಾರದಂತೆ ತಡೆಯಲು ಕೊಡುವುದಿಲ್ಲವೆಂದರೆ ಲೆಕ್ಕ ಬಲ್ಲವರಿಗೂ ಅರ್ಥವಾಗದ ಲೆಕ್ಕ ಅದು.

ಈ ಗಂಟನ್ನು ಕೆಲಮಟ್ಟಿಗೆ ಸಡಿಲಿಸಿದ್ದು ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ. ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡಕೂಡದು, ಒಳರೋಗಿಯಾಗಿ ಇಲ್ಲವೆ ದಿನದ ಆರೈಕೆಯಾಗಿ ಅವಕ್ಕೆ ರಕ್ಷಣೆ ನೀಡಬೇಕು ಎಂದು ಅದು ವಿಧಿಸಿತು. ಆ ಪಟ್ಟಿಯಲ್ಲಿ 'ಇಮ್ಯುನೊಥೆರಪಿ: ಚುಚ್ಚುಮದ್ದಾಗಿ ಕೊಡುವ ಮೊನೊಕ್ಲೋನಲ್ ಆಂಟಿಬಾಡಿ' ಎಂಬುದೂ ಒಂದು. ರಿಟುಕ್ಸಿಮ್ಯಾಬ್, ಆಕ್ರೆಲಿಜುಮ್ಯಾಬ್, ನಟಾಲಿಜುಮ್ಯಾಬ್ ಮೂರೂ ಮೊನೊಕ್ಲೋನಲ್ ಆಂಟಿಬಾಡಿಗಳೇ. ಅಂದಿನಿಂದ ಪಾಲಿಸಿಗಳಲ್ಲಿ 'ಆಧುನಿಕ ಚಿಕಿತ್ಸೆ' ಎಂಬ ಹೆಸರಿನ ಕಲಮು ಕಾಣಸಿಗುತ್ತದೆ. ಆದರೆ ಅದೇ ಕಲಮಿನ ಬದಿಯಲ್ಲಿ ಅನೇಕ ಕಂಪನಿಗಳು ಒಳಮಿತಿಯನ್ನು ಬರೆದಿರುತ್ತವೆ. ವಿಮೆಯ ಮೊತ್ತ ಹತ್ತು ಲಕ್ಷವಾದರೂ ಈ ಚಿಕಿತ್ಸೆಗೆ ಅದರ ಒಂದು ಭಾಗ ಮಾತ್ರ ಎಂಬ ಷರತ್ತು. ಮನೆಸಾಲದ ಕಾಗದವನ್ನು ಎರಡೆರಡು ಸಲ ಓದಿ ಸಹಿ ಹಾಕುವ ಜನ, ವಿಮೆಯ ಪುಸ್ತಿಕೆಯನ್ನು ಗೋದ್ರೇಜ್ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟು ನಿಶ್ಚಿಂತರಾಗುವುದು ವಿಪರ್ಯಾಸ.

ಗೋರೆಗಾಂವದ ಯಜಮಾನರು ಆ ಪುಸ್ತಿಕೆಯನ್ನು ಹೊರತೆಗೆದದ್ದು ಪತ್ರ ಬಂದ ರಾತ್ರಿ. ಕಲಮು ಅಲ್ಲಿತ್ತು. ಹಾಗಾದರೆ ನಿರಾಕರಣೆ ಏಕೆ ಬಂತು? ಆಸ್ಪತ್ರೆಯ ಬಿಲ್ಲನ್ನು ನೋಡಿದಾಗ ಕಾರಣ ಹೊಳೆಯಿತು. ಬಿಲ್ಲಿನ ಮೇಲೆ 'ಹೊರರೋಗಿ ವಿಭಾಗ: ಔಷಧ' ಎಂದು ಮುದ್ರಿತವಾಗಿತ್ತು. ಹನಿಸುವ ಕೆಲಸ ಐದಾರು ತಾಸು ನಡೆದು, ನಡುನಡುವೆ ರಕ್ತದೊತ್ತಡ ನೋಡಿ, ಅಲರ್ಜಿಯಾದೀತೆಂದು ಮುಂಚಿತವಾಗಿ ಸ್ಟೀರಾಯ್ಡ್ ಕೊಟ್ಟು, ದಾದಿಯೊಬ್ಬಳು ಪಕ್ಕದಲ್ಲಿಯೇ ಇದ್ದರೂ ಕಾಗದದಲ್ಲಿ ಅದು ಅಂಗಡಿಯ ಖರೀದಿಯಾಗಿತ್ತು. ವಿಮಾ ಸಂಸ್ಥೆಯ ಗುಮಾಸ್ತ ರೋಗಿಯನ್ನು ಕಾಣುವುದಿಲ್ಲ, ಕಾಗದವನ್ನು ಕಾಣುತ್ತಾನೆ. ದಿನದ ಆರೈಕೆಯ ದಾಖಲಾತಿ ಪತ್ರ, ಬಿಡುಗಡೆಯ ಸಾರಾಂಶ, ಔಷಧದ ಬ್ಯಾಚ್ ಸಂಖ್ಯೆಯುಳ್ಳ ಚೀಟಿ, ಹನಿಸಿದ ವೇಳೆಯ ತಖ್ತೆ, ಮನೆಯಲ್ಲಿ ಇದನ್ನು ಕೊಡಲಾಗದೆಂದು ತಜ್ಞರು ಬರೆದ ನಾಲ್ಕು ಸಾಲು, ಇವಿಷ್ಟೂ ಮೊದಲೇ ಇದ್ದಿದ್ದರೆ ಮೊದಲ ಆಕ್ಷೇಪ ಹುಟ್ಟುತ್ತಲೇ ಇರಲಿಲ್ಲವೇನೋ. ಚಿಕಿತ್ಸೆ ನಿಗದಿಯಾದ ದಿನಕ್ಕೆ ಮುಂಚೆಯೇ ಪೂರ್ವಾನುಮತಿ ಕೇಳುವುದು ಇನ್ನೂ ಕ್ಷೇಮ. 2024ರ ಮೇ ತಿಂಗಳ ಪ್ರಾಧಿಕಾರದ ಸುತ್ತೋಲೆಯಂತೆ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ತಾಸಿನೊಳಗೆ ಕಂಪನಿ ಉತ್ತರ ಹೇಳಬೇಕು.

ಬಿಡುಗಡೆಯ ಸಾರಾಂಶದಲ್ಲಿ ಇನ್ನೊಂದು ಅಪಾಯವೂ ಅಡಗಿತ್ತು. 'ಆರು ತಿಂಗಳಿಂದ ಕಾಲು ಜೋಮು' ಎಂದು ಆಕೆ ಹೇಳಿದ್ದನ್ನು ರಾತ್ರಿಪಾಳಿಯ ಕಿರಿಯ ವೈದ್ಯರು 'ಆರು ವರ್ಷಗಳಿಂದ' ಎಂದು ಬರೆದಿದ್ದರು. ಪಾಲಿಸಿಗೆ ನಾಲ್ಕೇ ವರ್ಷ. ಆ ಒಂದು ಪದದಿಂದ ರೋಗ ಪಾಲಿಸಿಗಿಂತ ಹಿರಿದಾಗಿಬಿಡುತ್ತಿತ್ತು! ವಿಮಾ ಸಂಸ್ಥೆ ಅದನ್ನು ಗಮನಿಸುವ ಮುನ್ನವೇ ಯಜಮಾನರು ತಜ್ಞರ ಬಳಿ ಹೋಗಿ, ಹಳೆಯ ಕಣ್ಣಿನ ವೈದ್ಯರ ಚೀಟಿಯ ತಾರೀಖನ್ನು ತೋರಿಸಿ, ತಿದ್ದುಪಡಿಯ ಪತ್ರವನ್ನು ಸಹಿ-ಮೊಹರಿನೊಡನೆ ಪಡೆದರು. ಆಸ್ಪತ್ರೆ ಬಿಡುವ ಗಡಿಬಿಡಿಯಲ್ಲಿ ಈ ಸಾರಾಂಶವನ್ನು ಓದುವವರು ಎಷ್ಟು ಮಂದಿ?

ಪಾಲಿಸಿಯ ವಯಸ್ಸು ಈ ರೋಗದಲ್ಲಿ ಅಷ್ಟು ಮುಖ್ಯ. ಪಾಲಿಸಿ ಪಡೆದ ಮೇಲೆ ಅಂಟಿದ ರೋಗವನ್ನು ಹೊರಗಿಡಕೂಡದೆಂದು 2019ರ ಮಾರ್ಗಸೂಚಿ ಹೇಳಿತು. ಆದರೆ ಮೊದಲೇ ಇದ್ದು ಪ್ರಕಟಿಸಿದ ಕೆಲವು ರೋಗಗಳನ್ನು, ಹೊಸ ಅರ್ಜಿದಾರನ ಒಪ್ಪಿಗೆಯೊಂದಿಗೆ, ಶಾಶ್ವತವಾಗಿ ಹೊರಗಿಡುವ ಅವಕಾಶವನ್ನೂ ಕೊಟ್ಟಿತು. ಮೈಲಿನ್ ನಾಶದ ರೋಗಗಳು ಆ ಪಟ್ಟಿಯಲ್ಲಿದ್ದವು. ಆದಕಾರಣ ಹಳೆಯ ಪಾಲಿಸಿಯನ್ನು ಕಂತಿನ ಬೇಸರಕ್ಕೆ ಕೈಬಿಡುವುದು ಮಹಾ ಪ್ರಮಾದ. ರೋಗವನ್ನು ಮುಚ್ಚಿಟ್ಟು ಹೊಸ ಪಾಲಿಸಿ ಪಡೆಯುವುದಂತೂ ಕಟ್ಟಿದ ಕಂತಿಗೂ ಎರವಾದೀತು. 2024ರ ನಿಯಮಗಳಂತೆ ಪೂರ್ವದ ರೋಗಕ್ಕೆ ಕಾಯಿಸುವ ಅವಧಿ 36 ತಿಂಗಳನ್ನು ಮೀರಕೂಡದು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ರುಜುವಾತಾದ ಹೊರತು, ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ಕಂಪನಿಯ ನೌಕರರಿಗೆ ಮಾಲಿಕರು ಮಾಡಿಸುವ ಸಾಮೂಹಿಕ ವಿಮೆ ಬಹುಮಟ್ಟಿಗೆ ಹಳೆಯ ರೋಗವನ್ನೂ ಒಳಗೊಳ್ಳುತ್ತದೆ, ನಿಜ. ಅದು ನೌಕರಿಯೊಡನೆ ಮುಗಿಯುತ್ತದೆಂಬುದೂ ಅಷ್ಟೇ ನಿಜ. ಊರುಬಿಟ್ಟು ಬಂದು ನೌಕರಿಯನ್ನೇ ನೆಚ್ಚಿದವರು, ನಿವೃತ್ತಿಗೆ ಅಥವಾ ರಾಜೀನಾಮೆಗೆ ಮುಂಚೆಯೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗುವ ದಾರಿಯನ್ನು ವಿಚಾರಿಸಿಡಬೇಕು.

ಉಳಿದದ್ದು ಎರಡನೆಯ ಆಕ್ಷೇಪ. ರಿಟುಕ್ಸಿಮ್ಯಾಬ್ ಪೆಟ್ಟಿಗೆಯ ಮೇಲೆ ಮಲ್ಟಿಪಲ್ ಸ್ಕ್ಲೀರೋಸಿಸ್ ಹೆಸರಿಲ್ಲವೆಂಬುದು ಸುಳ್ಳಲ್ಲ. ಹಾಗೆಂದು ಅದು ಪ್ರಯೋಗದ ಔಷಧವೇ? ಸ್ವೀಡನ್ ದೇಶದಲ್ಲಿ ಈ ರೋಗಕ್ಕೆ ಅದನ್ನು ವರ್ಷಗಳಿಂದ ವ್ಯಾಪಕವಾಗಿ ಬಳಸುತ್ತಿದ್ದಾರೆ. ಅಲ್ಲಿಯ ತಜ್ಞರು ಅದನ್ನು ಡೈಮೀಥೈಲ್ ಫ್ಯೂಮರೇಟ್ ಗುಳಿಗೆಯೊಡನೆ ಹೋಲಿಸಿ ನಡೆಸಿದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ರಿಟುಕ್ಸಿಮ್ಯಾಬ್ ಪಡೆದವರಲ್ಲಿ ದಾಳಿಗಳು ಕಡಿಮೆಯೆಂದು ಕಂಡುಬಂತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಮೊದಲ ಬಾರಿಗೆ ಈ ರೋಗದ ಮೂರು ಔಷಧಗಳನ್ನು ಸೇರಿಸಿತು: ಕ್ಲಾಡ್ರಿಬಿನ್, ಗ್ಲಾಟಿರಾಮರ್, ರಿಟುಕ್ಸಿಮ್ಯಾಬ್. ತಜ್ಞರು ತಮ್ಮ ಪತ್ರದಲ್ಲಿ ಇವನ್ನು ಉಲ್ಲೇಖಿಸಿ, ಆಕೆಯ ಎಂ.ಆರ್.ಐ. ವರದಿಯ ಗಾಯಗಳ ಎಣಿಕೆಯನ್ನೂ ಸೇರಿಸಿದರು. ಎರಡೇ ಪುಟದ ಪತ್ರ. ಮನೆಯವರು ಬರೆಯುವ ಹತ್ತು ಪುಟದ ಅಳಲಿಗಿಂತ ಅದರ ತೂಕ ಹೆಚ್ಚು.

ನಿರಾಕರಣೆಗೆ ಪಾಲಿಸಿಯ ಯಾವ ಷರತ್ತು ಆಧಾರವೆಂದು ಕಂಪನಿ ಬರೆದು ತಿಳಿಸಲೇಬೇಕು. ಅದರ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಳ್ಳಿಹಾಕುವಂತಿಲ್ಲ. ಇದೂ 2024ರ ಸುತ್ತೋಲೆಯ ಮಾತೇ. ಬಾಯಿಮಾತಿನ 'ಇಲ್ಲ'ಕ್ಕೆ ಬೆಲೆಯಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಇಲ್ಲವೆ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಕಚೇರಿ. ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಅದರ ತೀರ್ಪಿಗೆ ಕಂಪನಿ ಬದ್ಧ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲೆಲ್ಲ ಈ ಕಚೇರಿಗಳಿವೆ. ಪಾಲಿಸಿಯನ್ನು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಪಡೆದಿದ್ದರೂ ಈಗ ವಾಸವಿರುವ ಊರಿನ ಕಚೇರಿಗೇ ದೂರು ಸಲ್ಲಿಸಬಹುದೆಂಬುದು ಪರಸ್ಥಳದ ಕನ್ನಡಿಗರಿಗೆ ತಿಳಿದಿರಬೇಕು. ವಿಳಾಸಗಳೂ ವ್ಯಾಪ್ತಿಯೂ ಪಾಲಿಸಿ ಪುಸ್ತಿಕೆಯ ಕೊನೆಯ ಪುಟಗಳಲ್ಲಿಯೇ ಇರುತ್ತವೆ. ಗ್ರಾಹಕ ಆಯೋಗಕ್ಕೆ ಹೋದವರ ಅದೇ ದೂರನ್ನು ಮಾತ್ರ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ.

ರೋಗಿಗಳ ನೆರವಿಗೆ 1985ರಿಂದ ಭಾರತದ ಮಲ್ಟಿಪಲ್ ಸ್ಕ್ಲೀರೋಸಿಸ್ ಸೊಸೈಟಿ ಇದೆ. ಮುಂಬಯಿ, ಪುಣೆ, ಬೆಂಗಳೂರು ಮೊದಲಾದೆಡೆ ಅದರ ಶಾಖೆಗಳಿವೆ. ಇದೇ ದಾರಿ ತುಳಿದವರು ಅಲ್ಲಿ ಸಿಕ್ಕುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ವಿಧದ ವೈಕಲ್ಯಗಳಲ್ಲಿ ಈ ರೋಗವೂ ಸೇರಿದೆ.

ಗೋರೆಗಾಂವದ ಸಂಸಾರ ಒಂಬುಡ್ಸ್‌ಮನ್ನರ ತನಕ ಹೋಗಬೇಕಾಗಲಿಲ್ಲ. ತಿದ್ದಿದ ಬಿಲ್ಲು, ಕಲಮಿನ ಪ್ರತಿ, ತಜ್ಞರ ಪತ್ರ ಇವನ್ನು ಕಂಡ ಕುಂದುಕೊರತೆ ಅಧಿಕಾರಿ ಕಡತವನ್ನು ಮತ್ತೆ ತೆರೆಸಿದರು. ಹಣ ಬಂತು, ಒಳಮಿತಿಯ ದೆಸೆಯಿಂದ ಪೂರ್ತಿ ಬರಲಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು. ಉಳಿದುದಕ್ಕೆ ಭವಿಷ್ಯನಿಧಿಯಿಂದ ಮುಂಗಡ ಎತ್ತಬೇಕಾಯಿತು. ಆರು ತಿಂಗಳ ತರುವಾಯ ಎರಡನೆಯ ಸರದಿ ಬಂದಾಗ ಯಜಮಾನರು ಹದಿನೈದು ದಿನ ಮೊದಲೇ ಪೂರ್ವಾನುಮತಿಯ ಅರ್ಜಿಯನ್ನು ಆಸ್ಪತ್ರೆಯ ವಿಮಾ ಮೇಜಿಗೆ ಕೊಟ್ಟು, ಸ್ವೀಕೃತಿಯ ಮೊಹರನ್ನು ಹಾಕಿಸಿಕೊಂಡು ಬಂದರು. ಬಿಡುಗಡೆಯ ಸಾರಾಂಶವನ್ನು ಈ ಸಲ ಶಿಕ್ಷಕಿಯೇ, ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ಹಿಡಿದು, ಹಾಸಿಗೆಯ ಮೇಲೆ ಕುಳಿತೇ ಓದಿದರು.